ಮೊದಲು ಮೂಗು, ಆಮೇಲೆ ಕೈ

ಆಸ್ಟ್ರೇಲಿಯಾದ ಅಡಿಲೇಡಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡಾಕ್ಟರ್ ಅಂಕಲ್, ಶೂಟಿಂಗ್ ಕ್ಲಬ್ಬಿಗೆ ಬೇಕಾದ ಬಂದೂಕಿನ ತೋಟಾಗಳಿಗೆ ಮನೆಯಲ್ಲಿ ತಾವೇ ಮದ್ದು ತುಂಬುತ್ತಿದ್ದರು. ಮದ್ದಿನ ಡಬ್ಬಿ ತೆರೆದ ತಕ್ಷಣ, ಕೆಟ್ಟಿದೆಯೇನೋ ಎಂದು ಸಾರಿನ ಪುಡಿ ಮೂಸುವ ಹಾಗೆ ಕಣ್ಣು ಮುಚ್ಚಿ ಮೂಸುತ್ತಿದ್ದರು. "ಮೊದಲು ಮೂಗು, ಆಮೇಲೆ ಕೈ" ಅಂತ ಪ್ರತಿ ಸಲವೂ ಹೇಳೋರು.

ಒಂದು ಬೇಸಿಗೆ, ಮೈಸೂರಿಗೆ ಹೊರಡುವ ಗಡಿಬಿಡಿಯಲ್ಲಿ ಡಬ್ಬಿಯನ್ನು ಕಾದ ತಗಡಿನ ಶೆಡ್ಡಿನಲ್ಲೇ ಮರೆತುಬಿಟ್ಟರು. ವಾಪಸ್ ಬಂದು ತೆರೆದರೆ ಹುಳಿ ಘಾಟು, ಒಳಗೆಲ್ಲ ಕೆಂಪು ಧೂಳು; ಬಿಸಿಗೆ ಮದ್ದು ಕೆಟ್ಟುಹೋಗಿತ್ತು. ಮರುದಿನವೇ ಕ್ಲಬ್ಬಿನ ಫೈನಲ್. ವರ್ಷವಿಡೀ ಅದೇ ಮದ್ದಿಗೆ ಗುರಿ ಹೊಂದಿಸಿಕೊಂಡಿದ್ದರು.

"ಒಂದಿನ ನಡೆಯುತ್ತೆ ಬಿಡಿ ಅಂಕಲ್," ಎಂದೆ.

"ಬಂದೂಕು ಸಿಡಿದ್ರೆ ಪಕ್ಕದಲ್ಲಿ ನಿಂತೋನ ಗತಿ ಏನಮ್ಮಾ?" ಎನ್ನುತ್ತ ಅಷ್ಟನ್ನೂ ಹುಲ್ಲಿನ ಮೇಲೆ ತೆಳ್ಳಗೆ ಚೆಲ್ಲಿ ನೀರು ಬಿಟ್ಟರು. ಮುಖ ಮಾತ್ರ ಸಪ್ಪಗಾಗಿತ್ತು.

ಫೈನಲ್ಲಿನಲ್ಲಿ ಹೊಸ ಮದ್ದು ಕೈಕೊಟ್ಟಿತು, ಅಂಕಲ್ ಕಟ್ಟಕಡೆಯ ಸ್ಥಾನಕ್ಕೆ ಬಂದರು. ಕೊನೆಗೆ ಬಂದವರೇ ಎಲ್ಲರಿಗೂ ಬಾರ್ಬಿ, ಅಂದರೆ ಬಾರ್ಬೆಕ್ಯೂ ಊಟ, ಮಾಡಬೇಕೆಂಬುದು ಆ ಕ್ಲಬ್ಬಿನ ಕಟ್ಟಳೆ. ನಾನು ಸಮಾಧಾನ ಹೇಳೋಣವೆಂದು ಹೋದರೆ, ಅವರು ಏಪ್ರನ್ ಕಟ್ಟಿಕೊಂಡು ಈರುಳ್ಳಿ ಹುರಿಯುತ್ತ, ಗೆದ್ದವನ ತಟ್ಟೆಗೆ ತಾವೇ ಬಡಿಸುತ್ತ ಜೋರಾಗಿ ನಗುತ್ತಿದ್ದರು. ಹತ್ತೂ ಬೆರಳಿಗೆ ಎಣ್ಣೆ ಜಿಡ್ಡು ಮೆತ್ತಿತ್ತು.