ನಡುವೆ ಯಾಕೆ ಇಳಿದಿರಿ ಎಂದು ಕೇಳಿದ ಡಾಕ್ಟರರು

ವಿಮಾನ ಹಾರಿಸುವವರನ್ನು ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ. ಹಾರಿಸಲು ಇವರ ಮೈ ಒಪ್ಪುತ್ತದೆ ಎಂದು ಬರೆದುಕೊಡುವವರನ್ನು ನೆನೆಯುವವರು ಕಡಿಮೆ. ಹೊಟ್ಟೆಪಾಡಿಗಲ್ಲದೆ ಬರಿಯ ಖುಷಿಗಾಗಿ, ರಜೆಯ ದಿನಗಳಲ್ಲಿ ಎರಡು ಸೀಟಿನ ಪುಟ್ಟ ವಿಮಾನಗಳನ್ನು ಹಾರಿಸುವ ಹವ್ಯಾಸಿಗಳ ವೈದ್ಯಕೀಯ ಪರೀಕ್ಷೆಯೆಂಬುದು ವೈದ್ಯವೃತ್ತಿಯ ತೀರಾ ಸಣ್ಣ ಓಣಿ. ಆ ಓಣಿಯಲ್ಲಿ ಮೂವತ್ತೆರಡು ವರ್ಷ ಒಂದೇ ಬಾಗಿಲು ತೆರೆದುಕೊಂಡು ಕುಳಿತಿದ್ದ ನಮ್ಮ ಡಾಕ್ಟರರು ಈಗ ನಿವೃತ್ತರಾಗಿದ್ದಾರೆ. ಅವರ ಬಗ್ಗೆ ಮೊದಲೇ ಹೇಳಿಬಿಡಬೇಕಾದ ಸಂಗತಿಯೆಂದರೆ, ಇಷ್ಟು ವರ್ಷಗಳಲ್ಲಿ ಅವರು ಒಮ್ಮೆಯೂ ಆ ಪುಟ್ಟ ವಿಮಾನಗಳಲ್ಲಿ ಕುಳಿತವರಲ್ಲ. ಕುರ್ಚಿಯ ಮೇಲೆ ನಿಂತು ಬಲ್ಬು ಬದಲಿಸಲೂ ಅವರಿಗೆ ಹೆದರಿಕೆ. ಫ್ಲೈಯಿಂಗ್ ಕ್ಲಬ್ಬಿನವರು ಅವರನ್ನು ‘ನೆಲದ ಡಾಕ್ಟರು’ ಎಂದು ಕರೆದದ್ದು ಆ ಕಾರಣಕ್ಕೆ, ಅದನ್ನು ಅವರ ಎದುರಿಗೇ ಹೇಳುತ್ತಿದ್ದರು.

ಔಷಧದ ಅಂಗಡಿಯ ಮಹಡಿಯ ಮೇಲೆ ಅವರ ದವಾಖಾನೆ. ಹದಿನೆಂಟು ಮೆಟ್ಟಿಲು. ಪರೀಕ್ಷೆ ಅಲ್ಲಿಂದಲೇ ಶುರುವಾಗುತ್ತಿತ್ತು. ಯಾರು ಎಷ್ಟನೆಯ ಮೆಟ್ಟಿಲಿನಲ್ಲಿ ನಿಂತು ಉಸಿರು ಎಳೆದುಕೊಂಡರು ಎಂಬುದನ್ನು ಡಾಕ್ಟರರು ಒಳಗೆ ಕುಳಿತೇ ಎಣಿಸುತ್ತಿದ್ದರು. ಒಳಗೆ ಕಣ್ಣಿನ ಅಕ್ಷರಪಟ, ತೂಕದ ಯಂತ್ರ, ಹಸಿರು ಪರದೆಯ ಹಿಂದೆ ಒಂದು ಮಂಚ, ಮತ್ತು ಹೃದಯದ ಗೀಟುಗಳನ್ನು ಕಾಗದಕ್ಕೆ ಇಳಿಸುವ ಯಂತ್ರದ ಪಕ್ಕದಲ್ಲಿ ನರ್ಸಮ್ಮ. ಬರುವವರಲ್ಲಿ ಮುಕ್ಕಾಲು ಪಾಲು ಐವತ್ತು ದಾಟಿದ ಗಂಡಸರು: ಬೇಕರಿ ಯಜಮಾನರು, ಲೆಕ್ಕದ ಮೇಷ್ಟ್ರು, ಹಲ್ಲಿನ ಡಾಕ್ಟರು. ಇವರಿಗೆಲ್ಲ ಒಂದೇ ಕಾಯಿಲೆ, ಬಾಯಿ ಬಿಡದಿರುವುದು. ಮಾಮೂಲಿ ರೋಗಿ ಇಲ್ಲದ ನೋವನ್ನೂ ಸೇರಿಸಿ ಹೇಳಿದರೆ, ಹಾರುವ ರೋಗಿ ಇರುವ ನೋವನ್ನೂ ನುಂಗಿಕೊಳ್ಳುತ್ತಾನೆ. ಹೇಳಿದರೆ ಸರ್ಟಿಫಿಕೇಟು ಹೋದೀತು ಎಂಬ ಭಯ.

ಬಾಯಿ ಬಿಡದವರಿಂದ ನಿಜ ತಿಳಿಯುವುದು ಹೇಗೆ? ಡಾಕ್ಟರರು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿದ್ದರು. ಹಾರಾಟದ ವಿವರ ಬರೆದಿಡುವ ಲಾಗ್‌ಬುಕ್ಕಿನಲ್ಲಿ ವೈದ್ಯರು ನೋಡಬೇಕಾದದ್ದು ಒಟ್ಟು ಗಂಟೆಗಳ ಸಂಖ್ಯೆ ಮಾತ್ರ. ಇವರೋ ಅದನ್ನು ಪರೀಕ್ಷೆಯ ಹಿಂದಿನ ದಿನವೇ ತರಿಸಿಕೊಂಡು, ಧಾರಾವಾಹಿ ಓದುವವರಂತೆ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿದ್ದರು. ಮನುಷ್ಯ ಫಾರಂನಲ್ಲಿ ಸುಳ್ಳು ಬರೆಯುತ್ತಾನೆ, ಲಾಗ್‌ಬುಕ್ಕಿನಲ್ಲಿ ಬರೆಯಲಾರ ಎಂಬುದು ಅವರ ನಂಬಿಕೆಯಾಗಿತ್ತು.

ಅವರ ಸೇವೆಯ ಹತ್ತೊಂಬತ್ತನೆಯ ವರ್ಷ. ಕ್ಲಬ್ಬಿನವರೆಲ್ಲ ‘ಗಡಿಯಾರದಣ್ಣ’ ಎಂದು ಕರೆಯುವ ಗಡಿಯಾರ ರಿಪೇರಿಯವರ ಲಾಗ್‌ಬುಕ್ಕು ಮೇಜಿನ ಮೇಲೆ ಬಂತು. ಐವತ್ತೊಂಬತ್ತರ ಪ್ರಾಯ, ತೆಳ್ಳನೆಯ ಮೈ, ಮಾತು ಅದಕ್ಕಿಂತ ತೆಳ್ಳಗೆ. ಇಡೀ ವಾರ ಭೂತಕನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಅಂಗೈಯಗಲದ ಜಾಗದಲ್ಲಿ ಬದುಕುವ ಅವರಿಗೆ ಭಾನುವಾರದ ಆಕಾಶ ಬಿಟ್ಟರೆ ಬೇರೆ ಸುಖವಿರಲಿಲ್ಲ. ಸರೋವರದ ಊರಿಗೆ ಎರಡು ಗಂಟೆ ಇಪ್ಪತ್ತು ನಿಮಿಷದ ದಾರಿಯನ್ನು ಅವರು ವರ್ಷಗಟ್ಟಲೆ ಒಂದೇ ಉಸಿರಿನಲ್ಲಿ ಹಾರಿದ್ದರು. ಆದರೆ ಕಳೆದ ಏಳು ತಿಂಗಳಿಂದ ಹೊರಟ ಐವತ್ತು ನಿಮಿಷಕ್ಕೇ, ದಾರಿಯ ನಡುವಿನ ಒಂದು ಹುಲ್ಲಿನ ಏರ್‌ಸ್ಟ್ರಿಪ್ಪಿನಲ್ಲಿ ಇಳಿಯುತ್ತಿದ್ದರು. ಹವಾಮಾನ ಚೆನ್ನಾಗಿತ್ತು. ಅಲ್ಲಿ ಇಂಧನ ಹಾಕಿಸಿದ ದಾಖಲೆಯೂ ಇರಲಿಲ್ಲ.

ಹಾಗಾದರೆ ಇಳಿದದ್ದೇಕೆ? ಬೇರೆಯವರಾಗಿದ್ದರೆ ಪುಟ ಮಗುಚುತ್ತಿದ್ದರು. ಡಾಕ್ಟರರಿಗೆ ಇಂಥದ್ದೊಂದು ತಲೆಯೊಳಗೆ ಹೊಕ್ಕರೆ ಊಟ ರುಚಿಸುವುದಿಲ್ಲ. ಬೆಳಗಿನ ಪರೀಕ್ಷೆಗಳನ್ನು ಮುಂದೂಡಿ ಕಾರಿನಲ್ಲಿ ಅಷ್ಟು ದೂರ ಹೋಗಿ ನೋಡಿದರು. ಅಲ್ಲಿದ್ದದ್ದು ಹುಲ್ಲು, ಒಂದು ತಗಡಿನ ಶೆಡ್ಡು, ಶೆಡ್ಡಿನ ಹಿಂದೆ ಒಂದು ಶೌಚಾಲಯ, ಮತ್ತು ಸ್ಟೂಲಿನ ಮೇಲೆ ಕಾವಲುಗಾರ.

“ಗಡಿಯಾರದಣ್ಣನಾ? ಗೊತ್ತಿಲ್ದೆ ಏನು!” ಎಂದ ಕಾವಲುಗಾರ. “ರೆಕ್ಕೆ ಇನ್ನೂ ಅಲ್ಲಾಡ್ತಿರುತ್ತೆ, ಅಷ್ಟರಲ್ಲಿ ಶೆಡ್ ಹಿಂದಕ್ಕೆ ಓಡ್ತಾರೆ. ನಮಸ್ಕಾರ ಗಿಮಸ್ಕಾರ ಎಲ್ಲ ವಾಪಸ್ ಬರ್ತಾ.”

ಮರುದಿನ ಗಡಿಯಾರದಣ್ಣ ಬಂದು ಫಾರಂ ತುಂಬಿದರು. ‘ಮೂತ್ರಕ್ಕೆ ಸಂಬಂಧಿಸಿದ ತೊಂದರೆ’ ಎಂಬಲ್ಲಿ ಚೆಂದದ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದರು. ಡಾಕ್ಟರರು ಪೆನ್ನಿಗೆ ಮುಚ್ಚಳ ಹಾಕಿ, ನರ್ಸಮ್ಮನನ್ನು ಹೊರಗೆ ಕಳಿಸಿ, ಒಂದೇ ಪ್ರಶ್ನೆ ಕೇಳಿದರು: “ನಡುವೆ ಯಾಕೆ ಇಳಿದ್ರಿ?”

ಗಡಿಯಾರದಣ್ಣನ ಬಾಯಿಂದ ಎಲ್ಲವೂ ಹೊರಬಂತು. ಪಕ್ಕದ ಊರಿನ ವೈದ್ಯರೊಬ್ಬರ ಬಳಿ ಹೋಗಿ, ತಮ್ಮ ಹೆಸರು ಎಲ್ಲೂ ಬರಬಾರದೆಂದು ಭಾವಮೈದುನನ ಹೆಸರಿನಲ್ಲಿ ಮಾತ್ರೆ ಬರೆಸಿಕೊಂಡಿದ್ದರು. ಮೂತ್ರ ಸಲೀಸಾಗಲು ಕೊಟ್ಟ ಆ ಮಾತ್ರೆಯಿಂದ, ಥಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತಿತ್ತು. ರೋಗಿ ಪೈಲಟ್ ಎಂಬುದು ಬರೆದುಕೊಟ್ಟವರಿಗೆ ಗೊತ್ತಿರಲಿಲ್ಲ. “ಕೂತೇ ಹಾರಿಸ್ತೀನಲ್ಲ ಡಾಕ್ಟ್ರೇ, ನಿಂತ್ಕೊಂಡು ಅಲ್ವಲ್ಲ,” ಎಂಬುದು ಅವರ ಸಮರ್ಥನೆ. ಪ್ರಾಸ್ಟೇಟ್ ಗ್ರಂಥಿಯನ್ನು ಬೆರಳಿನಿಂದ ಮುಟ್ಟಿ ನೋಡುವ ಪರೀಕ್ಷೆಯನ್ನು ಅವರು ಅಲ್ಲಿಯೂ ಮಾಡಿಸಿಕೊಂಡಿರಲಿಲ್ಲ. ಹಸಿರು ಪರದೆಯ ಹಿಂದೆ ಅದು ಒಂದು ನಿಮಿಷದ ಕೆಲಸವಾಯಿತು. ಕೈಗವಸು ಕಳಚುವಾಗ ಡಾಕ್ಟರರ ಮುಖ ಬದಲಾಗಿತ್ತು. ಗ್ರಂಥಿಯ ಒಂದು ಬದಿಯಲ್ಲಿ ಗಟ್ಟಿಯಾದ ಗಂಟಿತ್ತು.

ರಕ್ತಪರೀಕ್ಷೆಯೂ, ಆಮೇಲೆ ಸೂಜಿಯಿಂದ ಚೂರು ತೆಗೆದು ಮಾಡಿದ ಪರೀಕ್ಷೆಯೂ ಅದನ್ನೇ ಹೇಳಿದವು: ಕ್ಯಾನ್ಸರ್, ಆದರೆ ಇನ್ನೂ ಗ್ರಂಥಿಯೊಳಗೇ ಇತ್ತು. ಡಾಕ್ಟರರು ಸರ್ಟಿಫಿಕೇಟಿಗೆ ಸಹಿ ಹಾಕಲಿಲ್ಲ. ಶಸ್ತ್ರಚಿಕಿತ್ಸೆಯ ದಿನ ತಾವೇ ಕಾರಿನಲ್ಲಿ ಕರೆದೊಯ್ದು, ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಗಡಿಯಾರದಣ್ಣನ ಹೆಂಡತಿಯ ಪಕ್ಕ ಕುಳಿತರು. ಆಕೆ ಅಳುತ್ತಲೇ ನಗುತ್ತಿದ್ದರು.

“ನನ್ನ ಹತ್ರಾನೂ ಹೇಳ್ಲಿಲ್ಲ ಡಾಕ್ಟ್ರೇ. ರಾತ್ರಿ ನಾಲ್ಕು ನಾಲ್ಕು ಸಲ ಏಳೋರು. ಯಾಕ್ರೀ ಅಂದ್ರೆ, ಗಡಿಯಾರಕ್ಕೆ ಕೀ ಕೊಟ್ಟು ಬರ್ತೀನಿ ಮಲ್ಕೋ ಅನ್ನೋರು. ನಾನೂ ದಡ್ಡಿ, ನಂಬ್ಕೊಂಡೆ!”

ಜೀವ ಉಳಿಯಿತು, ಆದರೆ ಡಾಕ್ಟರರ ಮೇಲಿನ ನಂಬಿಕೆ ಉಳಿಯಲಿಲ್ಲ. ನೆಲದ ಡಾಕ್ಟರು ಲಾಗ್‌ಬುಕ್ಕು ಓದಿ ಮನುಷ್ಯನನ್ನು ಕೆಳಗಿಳಿಸುತ್ತಾರೆ ಎಂಬ ಸುದ್ದಿ ಕ್ಲಬ್ಬಿನಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತು. ಮುಂದಿನ ತಿಂಗಳುಗಳಲ್ಲಿ ಬಂದ ಲಾಗ್‌ಬುಕ್ಕುಗಳನ್ನು ಓದಿ ಡಾಕ್ಟರರು ತಲೆ ಚಚ್ಚಿಕೊಂಡರು. ವಯಸ್ಸಾದ ಹನ್ನೊಂದು ಜನರಲ್ಲಿ ಒಬ್ಬರಿಗೂ ಎಲ್ಲಿಯೂ ನಡುವೆ ಇಳಿಯುವ ದರ್ದೇ ಬಂದಿರಲಿಲ್ಲ. ಎಪ್ಪತ್ತರ ಬೇಕರಿ ಯಜಮಾನರು ಮೂರು ಗಂಟೆ ಒಂದೇ ಸಮನೆ ಹಾರಿದ್ದರಂತೆ. ಸುಳ್ಳು ಹೇಳದ ಪುಸ್ತಕಕ್ಕೂ ತಾವೇ ಸುಳ್ಳು ಕಲಿಸಿದಂತಾಯಿತಲ್ಲ ಎಂದು ಡಾಕ್ಟರರು ನಿಜಕ್ಕೂ ಸಂಕಟಪಟ್ಟರು. ಇವರಲ್ಲಿ ಇನ್ನೆಷ್ಟು ಜನರ ಒಳಗೆ ಗಂಟಿದೆಯೋ, ಯಾರು ತಲೆ ತಿರುಗುತ್ತಲೇ ಮೇಲೇರುತ್ತಿದ್ದಾರೋ ತಿಳಿಯುವ ಬಗೆ ಇರಲಿಲ್ಲ.

ಕೊನೆಗೆ ಅವರು ಕ್ಲಬ್ಬಿನ ಸೂಚನಾ ಫಲಕಕ್ಕೆ ಒಂದು ಚೀಟಿ ಅಂಟಿಸಿದರು. ಇನ್ನು ಮುಂದೆ ಲಾಗ್‌ಬುಕ್ಕಿನಲ್ಲಿ ಗಂಟೆಗಳನ್ನಷ್ಟೇ ನೋಡುತ್ತೇನೆ; ಪ್ರತಿ ಶನಿವಾರ ಸಂಜೆ ವಿಮಾನ ನಿಲ್ಲಿಸುವ ಶೆಡ್ಡಿನಲ್ಲಿ ಫಾರಂ, ಪೆನ್ನು ಯಾವುದೂ ಇಲ್ಲದೆ ಕುಳಿತಿರುತ್ತೇನೆ; ಹೇಳಿದ್ದನ್ನು ಬರೆದುಕೊಳ್ಳುವುದಿಲ್ಲ, ಆದರೆ ಕೇಳಿಯೂ ಕೇಳದವನಂತೆ ಸಹಿ ಹಾಕುವುದೂ ಇಲ್ಲ; ಕೆಳಗೆ ಕೂರಿಸಿದವರನ್ನು ಮತ್ತೆ ಮೇಲೆ ಕಳಿಸುವ ದಾರಿಯನ್ನು ಜೊತೆಗೇ ನಿಂತು ಹುಡುಕುತ್ತೇನೆ. ಮೊದಲ ಮೂರು ಶನಿವಾರ ನೊಣವೂ ಹತ್ತಿರ ಸುಳಿಯಲಿಲ್ಲ. ಎಂಜಿನ್ ಎಣ್ಣೆಯ ವಾಸನೆ ಕುಡಿಯುತ್ತಾ ಡಾಕ್ಟರರು ಒಬ್ಬರೇ ಕುಳಿತು ಎದ್ದು ಹೋದರು.

ನಾಲ್ಕನೆಯ ಶನಿವಾರ ಗಡಿಯಾರದಣ್ಣ ಬಂದರು. ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳು ಕಳೆದಿತ್ತು. ಅಲ್ಲಿಯವರೆಗೆ ಡಾಕ್ಟರರ ಜೊತೆ ಸರಿಯಾಗಿ ಮಾತೂ ಆಡಿರಲಿಲ್ಲ. ಬಂದವರೇ ಬೆಂಚಿನ ಮೇಲೆ ಕುಳಿತು, ವಿಮಾನ ಒರೆಸುತ್ತಿದ್ದ ಐದಾರು ಜನರಿಗೂ ಕೇಳುವಂತೆ ಗಟ್ಟಿಯಾಗಿ ಶುರು ಮಾಡಿದರು. ಹುಟ್ಟಿದಂದಿನಿಂದ ಆಡದ ಮಾತನ್ನೆಲ್ಲ ಆ ಸಂಜೆ ಆಡಿದರು. ಹುಲ್ಲಿನ ಏರ್‌ಸ್ಟ್ರಿಪ್ಪು, ಭಾವಮೈದುನನ ಹೆಸರು, ಗಂಟು, ಮೂತ್ರದ ತೂಗುಚೀಲ ಹಾಕಿಕೊಂಡು ಮಲಗಿದ ದಿನಗಳು, ಇನ್ನೂ ಕೆಮ್ಮಿದರೆ ಒದ್ದೆಯಾಗುವ ಬಟ್ಟೆ, ಯಾವುದನ್ನೂ ಬಿಡಲಿಲ್ಲ.

“ಆ ಬೆರಳಿಗೆ ಹೆದರಿ ಏಳು ತಿಂಗಳು ಬಚ್ಚಿಟ್ಕೊಂಡಿದ್ದೆ ಕಣ್ರಯ್ಯ,” ಎಂದರು ಎಲ್ಲರ ಕಡೆ ತಿರುಗಿ. “ಒಂದು ನಿಮಿಷಾನೂ ಹಿಡೀಲಿಲ್ಲ. ಮರ್ಯಾದೆ ಹೋಗುತ್ತೆ ಅನ್ಕೊಂಡಿದ್ದೆ, ನೋಡಿದ್ರೆ ಇಲ್ಲೇ ಇದೆ. ಇನ್ನೊಂದು ವರ್ಷ ಬಿಟ್ಟಿದ್ರೆ ನಾನೇ ಇರ್ತಿರ್ಲಿಲ್ಲ.”

ಬಟ್ಟೆ ಹಿಡಿದ ಕೈಗಳೆಲ್ಲ ನಿಂತುಹೋದವು. ಬೇಕರಿ ಯಜಮಾನರು ಗಂಟಲು ಸರಿಮಾಡಿಕೊಂಡು, “ಡಾಕ್ಟ್ರೇ, ಸೋಮವಾರ ಬೆಳಿಗ್ಗೆ ಇರ್ತೀರಾ?” ಎಂದು ಕೇಳಿದರು. ಸೋಮವಾರ ಹದಿನೆಂಟು ಮೆಟ್ಟಿಲುಗಳ ಮೇಲೆ ನಾಲ್ವರು ಕಾಯುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಉಳಿದವರೂ ಒಬ್ಬೊಬ್ಬರಾಗಿ ಬಂದರು; ಒಟ್ಟು ಹನ್ನೊಂದು ಜನರಲ್ಲಿ ಇಬ್ಬರಿಗೆ ಚಿಕಿತ್ಸೆ ಬೇಕಾಯಿತು. ಉಳಿದವರದ್ದು ಬರಿಯ ವಯಸ್ಸಿನ ಊತ, ಮಾತ್ರೆ ಹೊಂದಿಕೊಳ್ಳುವವರೆಗೆ ಕೆಲವು ವಾರ ನೆಲದ ಮೇಲಿರಿ ಎನ್ನುವುದರಲ್ಲೇ ಮುಗಿಯಿತು. ಶಸ್ತ್ರಚಿಕಿತ್ಸೆಯಾದ ಒಂಬತ್ತನೆಯ ತಿಂಗಳಿಗೆ ಗಡಿಯಾರದಣ್ಣನಿಗೆ ಸರ್ಟಿಫಿಕೇಟು ಮರಳಿತು. ಅವರು ಮತ್ತೆ ಹನ್ನೆರಡು ವರ್ಷ ಹಾರಿದರು.

ಡಾಕ್ಟರರ ಸೇವೆಯ ಕೊನೆಯ ದಿನ, ಕೊನೆಯ ಹೆಸರು ಗಡಿಯಾರದಣ್ಣನದೇ ಇತ್ತು. ಬೇಕೆಂದೇ ಹಾಗೆ ಬರೆಸಿಕೊಂಡಿದ್ದರು. ಎಪ್ಪತ್ತೆರಡು ವರ್ಷ. ಮೆಟ್ಟಿಲಿನಲ್ಲಿ ಎಲ್ಲಿಯೂ ನಿಂತಿರಲಿಲ್ಲ. ರಕ್ತದೊತ್ತಡ ಸರಿ, ಕಣ್ಣು ಸರಿ, ಪ್ರಾಸ್ಟೇಟಿನ ರಕ್ತಪರೀಕ್ಷೆಯಲ್ಲಿ ಹಳೆಯ ಕಾಯಿಲೆಯ ಸುಳಿವೂ ಇಲ್ಲ, ನರ್ಸಮ್ಮ ತೆಗೆದ ಹೃದಯದ ಗೀಟುಗಳೂ ಸರಿಯಾಗಿದ್ದವು. ಮೂವತ್ತೆರಡು ವರ್ಷದ ಕಸುಬು ಇಂಥ ಸಹಿಯಿಂದ ಮುಗಿಯುತ್ತಿದೆಯಲ್ಲ ಎಂದು ಡಾಕ್ಟರರು ಹಿಗ್ಗಿ ಪೆನ್ನು ತೆಗೆದುಕೊಂಡರು.

“ಸ್ವಲ್ಪ ತಡೀರಿ ಡಾಕ್ಟ್ರೇ,” ಎಂದರು ಗಡಿಯಾರದಣ್ಣ. “ಒಂದು ಮಾತಿದೆ. ಈ ತಿಂಗಳು ಅಂಗಡೀಲಿ ಕೂತಿದ್ದಾಗ ಎರಡು ಸಲ ಕಣ್ಣು ಕತ್ತಲೆ ಬಂತು. ಕೈಯಲ್ಲಿದ್ದ ಚಿಮುಟ ಬಿದ್ದೋಗಿತ್ತು. ಯಾವಾಗ ಬಿತ್ತು ಅಂತ ನನಗೇ ಗೊತ್ತಿಲ್ಲ. ಯಾರೂ ನೋಡಿಲ್ಲ. ಮನೇಲಿ ನಿನ್ನೆ ಹೇಳ್ದೆ, ನಿಮಗೆ ಇವತ್ತು ಹೇಳ್ತಿದ್ದೀನಿ.”

ಡಾಕ್ಟರರು ಪೆನ್ನನ್ನು ಕೆಳಗಿಟ್ಟರು. ಯಾವ ಯಂತ್ರವೂ ಅದನ್ನು ಹಿಡಿದಿರಲಿಲ್ಲ, ಯಾವ ಪುಸ್ತಕದಲ್ಲಿಯೂ ಅದು ಬರೆದಿರಲಿಲ್ಲ. ಗಡಿಯಾರದಣ್ಣ ಸುಮ್ಮನಿದ್ದಿದ್ದರೆ ಸಹಿ ಬಿದ್ದು, ಭಾನುವಾರ ವಿಮಾನ ಮೇಲೇರಿರುತ್ತಿತ್ತು. ಇದನ್ನು ಹೇಳಿದರೆ ಈ ವಯಸ್ಸಿನಲ್ಲಿ ಮತ್ತೆ ಹಾರುವ ಮಾತಿಲ್ಲ ಎಂಬುದು ಹೇಳಿದವರಿಗೂ ಗೊತ್ತಿತ್ತು. ಡಾಕ್ಟರರು ಕಣ್ಣೊರೆಸಿಕೊಳ್ಳಲು ನಾಚಲಿಲ್ಲ. ಆಮೇಲೆ ಫಾರಂನಲ್ಲಿ ‘ಅನರ್ಹ’ ಎಂದು ಬರೆದು, ಅದಕ್ಕೆ ಸಹಿ ಹಾಕಿ, ಅದೇ ಪೆನ್ನಿನಿಂದ ಹೃದಯತಜ್ಞರಿಗೆ ಪತ್ರ ಬರೆದರು. ಮರುದಿನ ತಾವೇ ಕರೆದುಕೊಂಡು ಹೋದರು. ಮಿಡಿತ ಆಗಾಗ ನಿಂತು ನಿಂತು ಹೊರಡುತ್ತಿದೆಯೆಂದು ಅಲ್ಲಿ ಪತ್ತೆಯಾಗಿ, ಎದೆಯ ಚರ್ಮದಡಿ ಪೇಸ್‌ಮೇಕರ್ ಇಟ್ಟರು.

ಹೇಳಲಾರದ್ದನ್ನು ಹೇಳುವಷ್ಟು ಧೈರ್ಯವನ್ನು ಇನ್ನೊಬ್ಬರಲ್ಲಿ ಬೆಳೆಸಬಲ್ಲವರು ನಿವೃತ್ತಿಯ ನೆಪದಲ್ಲಿ ಮನೆಯಲ್ಲಿ ಕಾಲು ಚಾಚಿ ಕೂರಬಾರದು. ಹೊಸ ಡಾಕ್ಟರರ ಪಕ್ಕದಲ್ಲಿ ಇವರಿಗೂ ಒಂದು ಕುರ್ಚಿ ಇರಲಿ, ಇವರ ಕೆದಕಿ ಕೇಳುವ ಚಟ ಎಂದಿಗೂ ವಾಸಿಯಾಗದಿರಲಿ, ಆಯುಸ್ಸು ಆರೋಗ್ಯಗಳು ತುಂಬಿ ಬರಲಿ. ಡಾಕ್ಟರರ ಈ ಅಭಿನಂದನ ಸಂಪುಟ ಬಿಡುಗಡೆಯಾಗುವ ಸಂಜೆ ಮುಂದಿನ ಸಾಲಿನಲ್ಲಿ ಹೆಂಡತಿಯೊಡನೆ ಒಬ್ಬ ತೆಳ್ಳನೆಯ ಹಿರಿಯರು ಕುಳಿತಿರುತ್ತಾರೆ. ಅವರು ಬಸ್ಸಿನಲ್ಲಿ ಬರುತ್ತಾರೆ.