ಓವರ್ ಅಂದರೆ ಮುಗೀತು ಅಂದುಕೊಂಡ ವಾರ

ಆ ದಿನಗಳಲ್ಲಿ ನಮ್ಮ ಮನೆಗೆ ಬರುವ ಇಂಗ್ಲಿಷಿಗೆಲ್ಲ ನಾನೇ ಹೊಣೆ. ಔಷಧದ ಚೀಟಿ, ಮೊಬೈಲಿಗೆ ಬಂದ ಸಂದೇಶ, ಏನಿದ್ದರೂ ಅಪ್ಪ ನನ್ನ ಮುಂದೆ ಹಿಡಿಯುತ್ತಿದ್ದ. ನಾನೋ ಮರಾಠಿ ಶಾಲೆಯ ಆರನೆಯ ತರಗತಿಯ ಹುಡುಗಿ. ಗೊತ್ತಿಲ್ಲದ್ದನ್ನೂ ಗೊತ್ತಿದ್ದವಳಂತೆ ಓದಿ ಹೇಳುವುದು ರೂಢಿಯಾಗಿತ್ತು.

ಬಿಬವೇವಾಡಿ ಬಡಾವಣೆಯ ಆ ಎರಡು ಕೋಣೆಯ ಮನೆಯಲ್ಲಿ ಅಪ್ಪ, ಅವ್ವ, ನನ್ನ ಜೊತೆ ಅಪ್ಪನ ತಂಗಿ ಸುನಂದಾ ಅತ್ತಿಯೂ ಇದ್ದಳು. ದೀಪಾವಳಿ ಸೂಟಿ ಮುಗಿದ ವಾರ. ಸೊಲ್ಲಾಪುರದ ಗಂಡಿನ ಕಡೆಯವರು ಅವಳನ್ನು ಒಪ್ಪಿ ಹೋಗಿದ್ದರು. ಅತ್ತಿ ಮಾತ್ರ ಇನ್ನೂ ಹೂಂ ಅನ್ನದೆ, ಊರಿನ ಇನ್ನೊಂದು ತುದಿಯ ಖಡಕಿಯ ಶಾಲೆಯೊಂದರಲ್ಲಿ ಕೇಳಿ ಬಂದಿದ್ದ ಹೊಲಿಗೆ ಟೀಚರ್ ಕೆಲಸದ ದಾರಿ ಕಾಯುತ್ತಿದ್ದಳು. ಫೋನ್ ಬಂದಾಗ ಅವಳ ಕೈಯೆಲ್ಲ ಜೋಳದ ಹಿಟ್ಟು. ನಾನೇ ಎತ್ತಿದೆ. ಆ ಶಾಲೆಯ ಮೇಡಂ ಸರಸರ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಎರಡೇ: ‘ಥಿಂಕ್ ಓವರ್’, ‘ಸ್ಯಾಟರ್‌ಡೇ’.

“ಏನಂದ್ರು?” ಅತ್ತಿ ಕೇಳಿದಳು.

“ಓವರ್ ಅಂದ್ರು. ಮುಗೀತಂತ.”

ಅತ್ತಿ ಹಂಚಿನ ಮೇಲಿನ ರೊಟ್ಟಿ ಕಮರುವವರೆಗೂ ನಿಂತೇ ಇದ್ದಳು. ಸಂಜೆ ಅಪ್ಪನಿಗೆ, “ಸೊಲ್ಲಾಪುರದವರಿಗೆ ಹೂಂ ಅನ್ನಣ್ಣಾ” ಎಂದಳು. ಭಾನುವಾರವೇ ನಿಶ್ಚಯ ಎಂದಾಯಿತು.

ಗುರುವಾರ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮೇಡಂ ಹಲಗೆಯ ಮೇಲೆ ಬರೆದರು: ವರ್ಕ್ ಔಟ್, ರೂಲ್ ಔಟ್, ಬ್ಯಾಕ್ ಔಟ್, ಥಿಂಕ್ ಓವರ್. “ಥಿಂಕ್ ಓವರ್ ಮ್ಹಣಜೆ ನೀಟ ವಿಚಾರ ಕರಣೆ” ಎಂದರು. ಚೆನ್ನಾಗಿ ವಿಚಾರ ಮಾಡುವುದು. ಮುಗಿಯುವುದಲ್ಲ! ಕೆಲಸಕ್ಕೆ ಬರುತ್ತೀಯೋ ವಿಚಾರ ಮಾಡಿ ಶನಿವಾರದೊಳಗೆ ತಿಳಿಸು ಎಂದಿದ್ದರು ಖಡಕಿಯ ಮೇಡಂ.

ಮನೆಗೆ ಬಂದರೆ ಓಣಿಯ ತುದಿಗೇ ಶೇಂಗಾ ಹುರಿದ ವಾಸನೆ. ಅವ್ವ ನಿಶ್ಚಯದ ಹೋಳಿಗೆಗೆ ಪುಡಿ ಕುಟ್ಟುತ್ತಿದ್ದಳು. ಹೇಳಿದರೆ ಲಗ್ನ ಮುರಿಯುತ್ತದೆ. ಹೇಳದಿದ್ದರೆ? ಕುಂಟಬಿಲ್ಲೆ ಆಡಲು ಹೋದವಳು ಮೊದಲ ಮನೆಯಲ್ಲೇ ಗೆರೆ ತುಳಿದು ವಾಪಸು ಬಂದೆ. ಊಟ ಸೇರಲಿಲ್ಲ. ಎರಡು ದಿನ ಬಾಗಿಲಿಗೂ ಒಲೆಗೂ ತಿರುಗಾಡಿದೆ.

“ಕಾಲಾಗ ಚಕ್ರ ಅದಾವೇನ ನಿನಗ? ಒಂದ್ ಕಡೆ ಕೂಡು!” ಅವ್ವ ಬೈದಳು.

ಶನಿವಾರ ಮಧ್ಯಾಹ್ನ ಅತ್ತಿ ನಿಶ್ಚಯದ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದಾಗ ಅಳುತ್ತಲೇ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಫೋನ್ ತಗೊಂಡಳು. ಹರಕು ಇಂಗ್ಲಿಷಿಗೆ ಮರಾಠಿ ಬೆರೆಸಿ ಮಾತಾಡಿದಳು. ಕೆಲಸ ಇನ್ನೂ ಇತ್ತು.

ವಿಷಯ ತಿಳಿದು ಅಪ್ಪ ಕೂಗಾಡಿದ. “ಮಂದಿಗೆ ಏನ್ ಹೇಳ್ಲಿ? ಮಾತು ಕೊಟ್ಟೀನಿ ನಾ!”

“ಬ್ಯಾರೆ ದಾರಿ ಇಲ್ಲಂತ ತಿಳದು ಒಪ್ಪಿದ್ದೆ ಅಣ್ಣಾ. ಈಗ ದಾರಿ ಅದ.” ಅವಳು ಮಾತಿನಿಂದ ಹಿಂದೆ ಸರಿಯಲಿಲ್ಲ.

ನಿಶ್ಚಯ ನಿಂತಿತು. ಹೋಳಿಗೆಯನ್ನು ನಾವೇ ನಾಲ್ಕು ದಿನ ತಿಂದೆವು. ತಿಂಗಳೊಳಗೆ ಅತ್ತಿ ಖಡಕಿಯಲ್ಲಿ ಬಾಡಿಗೆ ಕೋಣೆ ಹಿಡಿದಳು.

ಅವಳ ಬದುಕು ಚೆನ್ನಾಗಿಯೇ ಆಯಿತು. ಹೇಳಿದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ಅಪ್ಪ ಸ್ನಾನದ ಕೋಣೆಯಿಂದಲೇ “ಏ ಸುನಿ, ಟವೆಲ್ ತಾ” ಎಂದು ಒದರುತ್ತಿದ್ದ ಮನೆ ಮತ್ತೆ ಸಿಗಲಿಲ್ಲ. ಈಗ ಹಬ್ಬಕ್ಕೆ ಅತ್ತಿ ಬಂದರೆ ಅಪ್ಪ ಎದ್ದು ನಿಲ್ಲುತ್ತಾನೆ. “ಬರ್ರಿ, ಕೂಡ್ರಿ” ಎನ್ನುತ್ತಾನೆ, ಸ್ವಂತ ತಂಗಿಗೆ. ಅತ್ತಿ ಕುರ್ಚಿಯ ತುದಿಯಲ್ಲಿ ಕೂಡುತ್ತಾಳೆ.