ಸೀರಿಯಲ್ ನೋಡುತ್ತಾ ನಾನಾಡಿದ ಮಾತು

ಕಡ್ಲೆಪುರಿ ತಿನ್ನುತ್ತಾ ಆಡಿದ ಒಂದು ಮಾತು ಒಬ್ಬ ಹುಡುಗಿಯ ಬಾಯಿಯನ್ನು ನಾಲ್ಕು ದಿನ ಕಟ್ಟಿಹಾಕಿತು. ಆಡಿದವನು ನಾನೇ.

ಅರಸೀಕೆರೆಯ ನನ್ನ ಅಕ್ಕನ ಮಗಳು ಚೈತ್ರಾ, ಬೇಲೂರಿನ ನಮ್ಮ ಮನೆಯಲ್ಲಿದ್ದುಕೊಂಡು ಇಲ್ಲೇ ಒಂದು ಆಫೀಸಿಗೆ ಹೋಗುತ್ತಿದ್ದಳು. ವಯಸ್ಸು ಇಪ್ಪತ್ತಮೂರು. (ಹೆಸರು ಬದಲಿಸಿದ್ದೇನೆ. ಅವಳು ಓದಿ ಒಪ್ಪಿದ ಮೇಲೆಯೇ ಇದು ನಿಮ್ಮ ಮುಂದೆ ಬಂದಿದೆ.)

ಅವತ್ತು ಸಂಜೆ ಸೀರಿಯಲ್ ನಡೆಯುತ್ತಿತ್ತು. ನಾಯಕಿ ಫೈಲ್ ಕೊಡಲು ಬಾಸ್‌ನ ಗೆಸ್ಟ್‌ಹೌಸಿಗೆ ಹೋಗುತ್ತಾಳೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಮ್ಯೂಸಿಕ್ಕು, ಕಿರುಚಾಟ, ಬ್ರೇಕು.

“ಒಬ್ಬಳೇ ಯಾಕೆ ಹೋಗ್ಬೇಕಿತ್ತು? ಬುದ್ಧಿ ಬೇಡ್ವಾ ಇವಳಿಗೆ?” ಎಂದೆ.

“ಕೊನೆಗೆ ಇವಳನ್ನ ಅವನಿಗೇ ಕಟ್ತಾರೆ, ನೋಡ್ತಿರಿ,” ಎಂದಳು ನನ್ನ ಹೆಂಡತಿ. ಇಬ್ಬರೂ ನಕ್ಕೆವು.

ಆಗಷ್ಟೇ ಆಫೀಸಿನಿಂದ ಬಂದಿದ್ದ ಚೈತ್ರಾ ಸುಮ್ಮನೆ ಒಳಗೆ ಹೋದಳು. ತಿರುಗಿ ನೋಡುವಷ್ಟು ಪುರುಸೊತ್ತೂ ನಮಗಿರಲಿಲ್ಲ.

ಮಾರನೇ ದಿನದಿಂದ ಅವಳು ಕೆಲಸಕ್ಕೆ ಹೋಗಲಿಲ್ಲ. ತಲೆನೋವು ಎಂದಳು. ಸೋಮಾರಿತನ ಎಂದು ಬೈದೆ (ಮಾವನ ಹಕ್ಕಲ್ಲವೇ?). ನಾಲ್ಕನೇ ದಿನ, ಅವಳ ತೋಳಿನ ಮೇಲೆ ಕಪ್ಪುಗಟ್ಟಿದ ಬೆರಳ ಗುರುತುಗಳು ಹೆಂಡತಿಯ ಕಣ್ಣಿಗೆ ಬಿದ್ದವು.

ಹಳೇ ರಿಜಿಸ್ಟರ್ ತರಲು ಮ್ಯಾನೇಜರ್ ಅವಳನ್ನು ಗೋಡೌನಿಗೆ ಕಳಿಸಿದ್ದ. ಹಿಂದೆಯೇ ಬಂದು ಚಿಲಕ ಹಾಕಿದ. ಅವಳು ಅವನ ಕೈ ಕಚ್ಚಿ, ಬಿಡಿಸಿಕೊಂಡು ಓಡಿಬಂದಿದ್ದಳು. ಬಂದದ್ದೆಲ್ಲಿಗೆ? ನಮ್ಮ ಟಿವಿಯ ಮುಂದಕ್ಕೆ.

“ಅವತ್ತೇ ಹೇಳೋಣ ಅಂತ ಬಂದೆ ಅತ್ತೆ. ಮಾವ ಹಂಗಂದ್ರಲ್ಲ. ನಾನೂ ಒಬ್ಳೇ ತಾನೆ ಹೋಗಿದ್ದು?”

ಬಾಗಿಲ ಆಚೆ ನಿಂತು ಕೇಳಿಸಿಕೊಂಡೆ. ಒಳಗೆ ಹೋದೆ. “ತಪ್ಪಾಯ್ತು ಕಣಮ್ಮ” ಎಂದೆ. ಅವಳು ನನ್ನ ಮುಖ ನೋಡಲಿಲ್ಲ.

ಫೋನ್ ಮಾಡಿದ್ದೇ ತಡ, ಅಕ್ಕ ಸಿಕ್ಕಿದ ಬಸ್ಸು ಹತ್ತಿ ಬಂದಳು. ಮಗಳನ್ನು ತಬ್ಬಿಕೊಂಡು ಅತ್ತಳು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಕೇಳಿದಳು: “ಆ ಮ್ಯಾನೇಜರ್‌ಗೆ ಮದ್ವೆ ಆಗೈತೇನೋ? ಇಲ್ದಿದ್ರೆ ಹಿರೀಕರನ್ನ ಕೂರಿಸಿ ಮಾತಾಡ್ಬೋದಲ್ಲ...”

ನನ್ನ ಅಕ್ಕ ಕೆಟ್ಟವಳಲ್ಲ. ದಡ್ಡಿಯೂ ಅಲ್ಲ. ಕೆಡಿಸಿದವನೇ ತಾಳಿ ಕಟ್ಟಿದರೆ ಎಲ್ಲ ಸರಿಹೋಗುವ ಕ್ಲೈಮ್ಯಾಕ್ಸನ್ನು ಟೆಂಟ್ ಸಿನಿಮಾ ಕಾಲದಿಂದಲೂ ನೋಡಿಕೊಂಡು ಬಂದವಳು. ಎಷ್ಟು ಸಲ ಅತ್ತಿದ್ದಾಳೋ, ಎಷ್ಟು ಸಲ ಸಮಾಧಾನಪಟ್ಟುಕೊಂಡು ಎದ್ದು ಬಂದಿದ್ದಾಳೋ!

ಚೈತ್ರಾ ಹಿಂದೆಯೇ ನಿಂತಿದ್ದಳು. “ಅಮ್ಮ, ನೀನು ಸ್ಟೇಷನ್‌ಗೆ ಬರ್ತೀಯಾ, ಇಲ್ಲೇ ಇರ್ತೀಯಾ?” ಎಂದಳು. ಅಷ್ಟೇ.

ಅಕ್ಕ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು. ನಾಲ್ವರೂ ಹೋಗಿ ದೂರು ಕೊಟ್ಟೆವು. ಮ್ಯಾನೇಜರ್ ಅರೆಸ್ಟ್ ಆಗಿದ್ದಾನೆ. ಕೇಸು ಇನ್ನು ನಡೆಯಬೇಕಿದೆ. ಚೈತ್ರಾ ಬೇರೆ ಕೆಲಸ ಹುಡುಕುತ್ತಿದ್ದಾಳೆ. ನನ್ನೊಂದಿಗೆ ಮೊದಲಿನಷ್ಟು ಮಾತಿಲ್ಲ.

ಸೀರಿಯಲ್‌ನವರು ಟಿಆರ್‌ಪಿಗಾಗಿ ಬರೆದರು ಅನ್ನೋಣ. ನಾನು ಯಾತಕ್ಕಾಗಿ ಆಡಿದೆ?